ಮೊದಲು ಚೋಕ್, ಆಮೇಲೆ ಟ್ಯೂಬ್

(ತುಮಕೂರಿನಲ್ಲಿ ಗಿಡದ ತೊಟ್ಟಿ ಇಟ್ಟವರು, ಇಡಬೇಕೆಂದಿರುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೀನಿನ ತೊಟ್ಟಿಯಲ್ಲಿ ಗಿಡ ಬೆಳೆಸಬೇಕು ಅನ್ನುವವರು ಅಂಗಡಿಗೆ ಹೋಗಿ ಮೊದಲು ಕೇಳುವುದು "ಎಷ್ಟು ವ್ಯಾಟಿನ ಟ್ಯೂಬ್ ಬೇಕಾಗುತ್ತೆ?" ಅಂತ. ಅಂಗಡಿಯವರು ತೊಟ್ಟಿಯ ಉದ್ದ ಕೇಳಿಕೊಂಡು ಒಂದು ಟ್ಯೂಬ್ ಕೈಗಿಡುತ್ತಾರೆ. ಚೋಕ್ ವಿಷಯ ಎತ್ತಿದರೆ "ಅದಕ್ಕೇನಣ್ಣ, ಎಲ್ಲಕ್ಕೂ ಒಂದೇ ಚೋಕ್ ನಡೆಯುತ್ತೆ" ಅನ್ನುತ್ತಾರೆ. ನನ್ನ ತಕರಾರೆಲ್ಲ ಆ ಉತ್ತರದ ಮೇಲೆ. ಟ್ಯೂಬಿನ ಗಾಜಿನ ಮೇಲೆ 36 ಅಂತ ಅಚ್ಚು ಹಾಕಿದ ಮಾತ್ರಕ್ಕೆ ಅದು 36 ವ್ಯಾಟ್ ಉರಿಯುವುದಿಲ್ಲ. ಎಷ್ಟು ಉರಿಯಬೇಕು ಅಂತ ತೀರ್ಮಾನಿಸುವುದು ಚೋಕ್. ಉರಿದ ಬೆಳಕಿನಲ್ಲಿ ಎಷ್ಟು ಪಾಲು ಎಲೆಗೆ ಮುಟ್ಟಬೇಕು ಅಂತ ತೀರ್ಮಾನಿಸುವುದು ಟ್ಯೂಬಿನ ಬೆನ್ನಿಗಿರುವ ರಿಫ್ಲೆಕ್ಟರ್. ಈ ಎರಡನ್ನು ಬಿಟ್ಟು ವ್ಯಾಟ್ ಲೆಕ್ಕ ಹಾಕುತ್ತಾ ಕೂತರೆ ಪ್ರಯೋಜನವಿಲ್ಲ.

ಎಲ್‌ಇಡಿ ಬಂದ ಮೇಲೂ ಟ್ಯೂಬ್‌ಲೈಟಿನ ಮಾತು ಯಾಕೆ ಅಂತ ಕೇಳುವವರಿದ್ದೀರಿ. ಸರಿಯಾದ ಪ್ರಶ್ನೆಯೇ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರಿಗೆ ನಾನೂ ಎಲ್‌ಇಡಿ ಎಂದೇ ಹೇಳುತ್ತೇನೆ. ಆದರೆ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಹಳೆಯ ಹುಡ್ (ತೊಟ್ಟಿಯ ದೀಪದ ಮುಚ್ಚಳ) ಇದೆ, ಅದರಲ್ಲಿ ಟ್ಯೂಬ್ ಪಟ್ಟಿ ಇದೆ. ಬೆಂಗಳೂರಿನ ಕಡೆ ಎಲ್‌ಇಡಿಗೆ ಬದಲಾಯಿಸಿಕೊಂಡವರು ತಮ್ಮ ಟಿ5 (ತೆಳು ಟ್ಯೂಬಿನ) ಸೆಟ್‌ಗಳನ್ನು ಅಗ್ಗಕ್ಕೆ ಮಾರುತ್ತಾರೆ. ತಿಳಿದು ಬಳಸಿದರೆ ಅದರಲ್ಲಿ ಗಿಡ ಚೆನ್ನಾಗಿಯೇ ಬೆಳೆಯುತ್ತದೆ.

ಮೊದಲು ಟ್ಯೂಬಿನ ಒಳಗೆ ಏನಾಗುತ್ತದೆ ನೋಡೋಣ. ಅದರಲ್ಲಿ ಆರ್ಗಾನಿನಂಥ ಅನಿಲ, ಜೊತೆಗೆ ಕೆಲವೇ ಮಿಲಿಗ್ರಾಂ ಪಾದರಸ. ವಿದ್ಯುತ್ ಹರಿದಾಗ ಪಾದರಸದ ಆವಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊರಡಿಸುತ್ತದೆ, ಮುಖ್ಯವಾಗಿ 254 ನ್ಯಾನೋಮೀಟರಿನದು. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ನಮಗೆ ಕಾಣುವ ಬೆಳಕಾಗಿ ಮಾಡುತ್ತದೆ. ತೊಡಕು ಇರುವುದು ಅನಿಲದ ಸ್ವಭಾವದಲ್ಲಿ. ಒಮ್ಮೆ ಹೊತ್ತಿಕೊಂಡರೆ ಅದು ವಿದ್ಯುತ್ತಿಗೆ ತಡೆ ಒಡ್ಡುವುದನ್ನು ಕಡಿಮೆ ಮಾಡುತ್ತಾ ಹೋಗುತ್ತದೆ, ಕರೆಂಟು ಏರುತ್ತಲೇ ಹೋಗುತ್ತದೆ, ಕೊನೆಗೆ ಟ್ಯೂಬೋ ಫ್ಯೂಸೋ ಹೋಗಬೇಕು. ಚೋಕ್ ಅದಕ್ಕೆ ಹಾಕಿದ ಮೂಗುದಾರ.

ಹಳೆಯ ತಾಮ್ರದ ಚೋಕ್ ನಿಮಗೆಲ್ಲ ಗೊತ್ತು, ಕೈಗೆತ್ತಿಕೊಂಡರೆ ಭಾರ. ಸ್ಟಾರ್ಟರ್ ಮುಚ್ಚಿಕೊಂಡಾಗ ಎರಡೂ ತುದಿಯ ಫಿಲಮೆಂಟ್ ಕಾಯುತ್ತದೆ, ತೆರೆದುಕೊಂಡಾಗ ಚೋಕ್ ಒಂದು ಏಟು ಹೆಚ್ಚಿನ ವೋಲ್ಟೇಜ್ ಕೊಟ್ಟು ಟ್ಯೂಬ್ ಹೊತ್ತಿಸುತ್ತದೆ. ಆಮೇಲೆ ಕರೆಂಟನ್ನು ಹಿಡಿದಿಡುತ್ತದೆ, ನಾಲ್ಕಡಿ 36 ವ್ಯಾಟಿನ ಟ್ಯೂಬಿಗಾದರೆ ಸುಮಾರು 0.43 ಆಂಪಿಯರ್. ಇದರಲ್ಲಿ ಸುಳ್ಳಿಗೆ ಜಾಗವಿಲ್ಲ. ವೋಲ್ಟೇಜ್ ಸರಿಯಿದ್ದರೆ ಟ್ಯೂಬಿಗೆ ಪೂರ್ತಿ ವಿದ್ಯುತ್ ಸಿಗುತ್ತದೆ. ಬೆಲೆಯಾಗಿ ಇನ್ನೂ ಹತ್ತು ಹನ್ನೆರಡು ವ್ಯಾಟ್ ಚೋಕಿನಲ್ಲೇ ಬಿಸಿಯಾಗಿ ಹೋಗುತ್ತದೆ, ಹುಡ್ ಒಳಗೆ ಇಟ್ಟಿದ್ದರೆ ಆ ಬಿಸಿ ನೀರಿಗೂ ಇಳಿಯುತ್ತದೆ. ಊರ ಕಡೆ ಬೇಸಿಗೆಯ ಸಂಜೆ ವೋಲ್ಟೇಜ್ ಬಿದ್ದಾಗ ಟ್ಯೂಬ್ ಮಿಣುಕುತ್ತಾ ಹೊತ್ತಿಕೊಳ್ಳದೆ ಒದ್ದಾಡುವುದನ್ನು ನೋಡಿದ್ದೀರಿ. ಹಾಗೆ ಮಿಣುಕಿದಷ್ಟೂ ಫಿಲಮೆಂಟಿನ ಲೇಪ ಉದುರುತ್ತದೆ, ತುದಿ ಕಪ್ಪಾಗುತ್ತದೆ.

ಎಲೆಕ್ಟ್ರಾನಿಕ್ ಚೋಕ್ ಮಾಡುವುದು ಬೇರೆ ಕೆಲಸ. ನಮ್ಮ 50 ಹರ್ಟ್ಸ್ ಕರೆಂಟನ್ನು 20 ಸಾವಿರ ಹರ್ಟ್ಸ್‌ಗಿಂತ ಮೇಲಕ್ಕೆ ಏರಿಸಿ ಟ್ಯೂಬಿಗೆ ಕೊಡುತ್ತದೆ. ಆ ವೇಗದಲ್ಲಿ ಟ್ಯೂಬಿನ ದಕ್ಷತೆ ಶೇ. 10ರಷ್ಟು ಹೆಚ್ಚುತ್ತದೆ. ಹಾಗಾಗಿ 36 ವ್ಯಾಟಿನ ಟ್ಯೂಬಿಗೆ 32 ವ್ಯಾಟ್ ಕೊಟ್ಟರೂ ಅದೇ ಬೆಳಕು. ಮಿಣುಕಿಲ್ಲ, ಗುಯ್‌ಗುಡುವುದಿಲ್ಲ, ವೋಲ್ಟೇಜ್ ಕಮ್ಮಿಯಿದ್ದರೂ ಹೊತ್ತುತ್ತದೆ. ಇಷ್ಟು ಹೊಗಳಿದ್ದು ಒಳ್ಳೆಯ ಚೋಕಿನ ಬಗ್ಗೆ. ಅಂಗಡಿಯ ಡಬ್ಬದಲ್ಲಿ ಹೆಸರಿಲ್ಲದೆ ಬಿದ್ದಿರುತ್ತವಲ್ಲ, ಆ ಅಗ್ಗದ ಚೋಕ್‌ಗಳ ಕತೆ ಬೇರೆ. ಮೇಲೆ 36/40 ಅಂತ ಬರೆದಿರುತ್ತದೆ, ಒಳಗಿನಿಂದ 25 ವ್ಯಾಟೂ ಹೊರಡುವುದಿಲ್ಲ. ಟ್ಯೂಬ್ ಉರಿಯುತ್ತದೆ, ಕಣ್ಣಿಗೆ ಬೆಳ್ಳಗೇ ಕಾಣುತ್ತದೆ, ಯಾಕೆಂದರೆ ನಮ್ಮ ಕಣ್ಣು ಬೇಗ ಹೊಂದಿಕೊಂಡುಬಿಡುತ್ತದೆ. ಗಿಡದ ಎಲೆಗೆ ಆ ಚಾಲಾಕಿ ಇಲ್ಲ, ಅದು ಸಪ್ಪಗಾಗುತ್ತದೆ.

ಇದನ್ನು ಪತ್ತೆ ಹಚ್ಚಲು ಉಪಕರಣ ಬೇಕಿಲ್ಲ, ನಿಮ್ಮ ಮನೆಯ ಕರೆಂಟ್ ಮೀಟರೇ ಸಾಕು. ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ, ಒಂದು ಯೂನಿಟ್ಟಿಗೆ ಆ ದೀಪ ಎಷ್ಟು ಸಲ ಮಿನುಗುತ್ತದೆ ಅನ್ನುವುದು. ಹಲವು ಸಿಂಗಲ್ ಫೇಸ್ ಮೀಟರ್‌ಗಳಲ್ಲಿ ಅದು 3200. ಮನೆಯಲ್ಲಿ ಫ್ರಿಜ್, ಯುಪಿಎಸ್, ಟಿವಿಯ ಡಬ್ಬ, ಗೋಡೆಗೆ ಸಿಕ್ಕಿಸಿಟ್ಟ ಮೊಬೈಲ್ ಚಾರ್ಜರ್ ಎಲ್ಲವನ್ನೂ ಆರಿಸಿ, ತೊಟ್ಟಿಯ ಟ್ಯೂಬ್ ಒಂದನ್ನೇ ಹಾಕಿ. ಹತ್ತು ನಿಮಿಷ ಉರಿದು ಬಿಸಿಯಾದ ಮೇಲೆ ಒಂದು ಮಿನುಗಿನಿಂದ ಇನ್ನೊಂದು ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಕ್ಕಿತು. ನಾಲ್ಕಡಿ 36ರ ಟ್ಯೂಬಿಗೆ 24 ಸೆಕೆಂಡಾದರೆ 47 ವ್ಯಾಟ್, ತಾಮ್ರದ ಚೋಕಿನ ಲೆಕ್ಕಕ್ಕೆ ಸರಿಹೋಯಿತು. 31 ಸೆಕೆಂಡಾದರೆ 36, ಒಳ್ಳೆಯ ಎಲೆಕ್ಟ್ರಾನಿಕ್ ಚೋಕ್. 45 ಸೆಕೆಂಡ್ ಕಾಯಿಸಿದರೆ ಅದು 25 ವ್ಯಾಟಿನ ಚೋಕ್, ಮೇಲೆ ಏನೇ ಬರೆದಿರಲಿ. ಮೀಟರಿನ ಸಂಖ್ಯೆ 1600 ಆಗಿದ್ದರೆ 1125ರ ಜಾಗದಲ್ಲಿ 2250 ಇಟ್ಟುಕೊಳ್ಳಿ.

ಟ್ಯೂಬಿನ ದಪ್ಪದ ವಿಷಯಕ್ಕೆ ಬರೋಣ. ಟಿ ಮುಂದಿನ ಅಂಕೆ ಇಂಚಿನ ಎಂಟನೇ ಭಾಗದ ಲೆಕ್ಕ. ಟಿ12 ಅಂದರೆ ಒಂದೂವರೆ ಇಂಚು, ಟಿ8 ಒಂದಿಂಚು, ಟಿ5 ಅಂದರೆ 16 ಮಿಲಿಮೀಟರ್. ಟಿ12 ಮತ್ತು ಟಿ8ಗೆ ಹೋಲ್ಡರ್ ಒಂದೇ. 40 ವ್ಯಾಟಿನ ಹಳೆಯ ಟ್ಯೂಬ್ ಇದ್ದ ತಾಮ್ರದ ಚೋಕಿನ ಪಟ್ಟಿಗೆ 36 ವ್ಯಾಟಿನ ಟಿ8 ಹಾಕಿದರೆ ಯಾವ ತೊಂದರೆಯೂ ಇಲ್ಲ, ಅದನ್ನು ಮಾಡಿರುವುದೇ ಹಾಗೆ. ಟಿ5ನಲ್ಲಿ ಮಾತ್ರ ಎಚ್ಚರ ಬೇಕು. ಅದರಲ್ಲಿ ಎರಡು ಜಾತಿ. ನಾಲ್ಕಡಿ ಅಳತೆಯಲ್ಲಿ ಮನೆಗಳಲ್ಲಿ ಹಾಕುವುದು 28 ವ್ಯಾಟಿನದು, ಅಕ್ವೇರಿಯಂ ಸೆಟ್‌ನಲ್ಲಿ ಬರುವುದು 54 ವ್ಯಾಟಿನ ಹೈ ಔಟ್‌ಪುಟ್. ಉದ್ದ ಎರಡಕ್ಕೂ ಒಂದೇ, 1149 ಮಿಲಿಮೀಟರ್. ಪಿನ್ ಒಂದೇ, ದಪ್ಪ ಒಂದೇ, ಪಕ್ಕಪಕ್ಕ ಇಟ್ಟರೆ ಗುರುತು ಸಿಗುವುದಿಲ್ಲ. ಹರಿಯಬೇಕಾದ ಕರೆಂಟು ಮಾತ್ರ 28ಕ್ಕೆ 0.17 ಆಂಪಿಯರ್, 54ಕ್ಕೆ 0.46. ಮನೆಯ ಪಟ್ಟಿಗೆ 54ರ ಟ್ಯೂಬ್ ಸಿಕ್ಕಿಸಿ "ಡಬಲ್ ಬೆಳಕು ಮಾಡಿದೆ" ಅಂದುಕೊಂಡವರಿದ್ದಾರೆ, ಅದು ಉರಿದರೂ ಮಂಕಾಗಿ ಉರಿಯುತ್ತದೆ. ಇದರ ಉಲ್ಟಾ ಮಾಡಿದರೆ, ಅಂದರೆ ಸೆಕೆಂಡ್‌ಹ್ಯಾಂಡ್ 54ರ ಸೆಟ್‌ಗೆ ಅಗ್ಗವಾಗಿ ಸಿಗುತ್ತದೆ ಅಂತ 28ರ ಟ್ಯೂಬ್ ಹಾಕಿದರೆ, ಅದರ ಆಯಸ್ಸು ಬೇಗ ಮುಗಿಯುತ್ತದೆ. ಟ್ಯೂಬ್ ಹಾಕುವ ಮೊದಲು ಚೋಕಿನ ಮೈಮೇಲಿನ ಚೀಟಿ ಓದಿ.

ಹಾಗಂತ 54 ಶ್ರೇಷ್ಠ, 28 ಕನಿಷ್ಠ ಅಂತಲ್ಲ. ಬೆಳಕನ್ನು ಅಳೆಯುವುದು ಲ್ಯೂಮೆನ್ನಿನಲ್ಲಿ. 28ರದು ಸುಮಾರು 2600 ಲ್ಯೂಮೆನ್, 54ರದು 4450. ವ್ಯಾಟಿಗೆ ಎಷ್ಟು ಅಂತ ನೋಡಿದರೆ 28ರದೇ ಮೇಲುಗೈ. ಜಾಗ ಕಮ್ಮಿ, ತೊಟ್ಟಿ ಆಳ ಅಂದರೆ 54. ಒಂದೂವರೆ ಅಡಿ ಆಳದ ಮಾಮೂಲಿ ತೊಟ್ಟಿಗೆ ಅದರ ಅಗತ್ಯ ಬೀಳುವುದು ಅಪರೂಪ.

ಎರಡಡಿ ತೊಟ್ಟಿಯವರಿಗೆ ಒಂದು ಉಪಾಯ ಹೇಳುತ್ತೇನೆ. ಎರಡಡಿಯ 18 ವ್ಯಾಟಿನ ಟಿ8 ಟ್ಯೂಬ್ ಎರಡನ್ನು ಒಂದೇ 36/40ರ ತಾಮ್ರದ ಚೋಕಿನ ಮೇಲೆ ಸರಣಿಯಲ್ಲಿ, ಅಂದರೆ ಒಂದರಿಂದ ಇನ್ನೊಂದಕ್ಕೆ ಕರೆಂಟು ಹರಿಯುವಂತೆ, ಜೋಡಿಸಬಹುದು. ಆದರೆ ಮಾಮೂಲಿ ಸ್ಟಾರ್ಟರ್ ಹಾಕಿದರೆ ಹೊತ್ತುವುದಿಲ್ಲ. ಪ್ರತಿ ಟ್ಯೂಬಿಗೂ ಎಸ್2 ಅಂತ ಬರೆದಿರುವ, ಸರಣಿಗೆಂದೇ ಮಾಡಿರುವ ಸ್ಟಾರ್ಟರ್ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎಸ್10, ಅದು ಒಂಟಿ ಟ್ಯೂಬಿಗೆ. ಮೂರಡಿ ತೊಟ್ಟಿಯವರದು ಮಾತ್ರ ಪಾಪ ಅನ್ನಿಸುವ ಸ್ಥಿತಿ. 30 ವ್ಯಾಟಿನ ಮೂರಡಿ ಟಿ8 ನಮ್ಮ ಪೇಟೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನನ್ನ ಸಲಹೆ, ಎರಡಡಿ ಟ್ಯೂಬ್‌ಗಳನ್ನು ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಸರಿಸಿ, ನಡುವೆ ಒಂದರ ಮೇಲೊಂದು ಬೆಳಕು ಬೀಳುವಂತೆ ಕೂರಿಸಿ. ಎತ್ತರದ ಗಿಡ ನಡುವೆ ಬರಲಿ.

ಈಗ ಆ ಪ್ರಸಿದ್ಧ ಸೂತ್ರ, ಗ್ಯಾಲನ್ನಿಗೆ ಇಷ್ಟು ವ್ಯಾಟ್ ಅನ್ನುವುದು. ಅದು ಅಮೆರಿಕದ ಹವ್ಯಾಸಿಗಳು ದಪ್ಪ ಟಿ12 ಟ್ಯೂಬ್ ಬಳಸುತ್ತಿದ್ದ ಕಾಲದ ಲೆಕ್ಕ. ಅವರ ಗ್ಯಾಲನ್ 3.785 ಲೀಟರ್. ಅವರ ಕರೆಂಟು 120 ವೋಲ್ಟ್, ನಾಲ್ಕಡಿ ಟಿ8 ಅವರಲ್ಲಿ 32 ವ್ಯಾಟ್, ನಮ್ಮಲ್ಲಿ 36. ಅವರ ಚೋಕಿನ ವೈರಿಂಗ್ ಚಿತ್ರ ನೋಡಿಕೊಂಡು ಇಲ್ಲಿ ಯಾರೂ ತಂತಿ ಜೋಡಿಸಬೇಡಿ, ದಯವಿಟ್ಟು. ಆದರೂ ಒಂದು ಅಂದಾಜಿಗೆ ಸೂತ್ರ ಇರಲಿ ಅಂದರೆ, ಲೀಟರಿಗೆ ಕಾಲು ವ್ಯಾಟ್ ಅಂದರೆ ಕಡಿಮೆ ಬೆಳಕು, ಅರ್ಧ ವ್ಯಾಟ್ ಅಂದರೆ ಮಧ್ಯಮ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ 255 ಲೀಟರ್ ಹಿಡಿಯುತ್ತದೆ. ಎರಡು 36ರ ಟ್ಯೂಬ್ ಹಾಕಿದರೆ ಲೀಟರಿಗೆ ಕಾಲು ವ್ಯಾಟಿಗಿಂತ ತುಸು ಹೆಚ್ಚು. ಅನೂಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಈ ಗಿಡಗಳಿಗೆ ಅಷ್ಟು ಧಾರಾಳ. ತೀರಾ ಚಿಕ್ಕ ತೊಟ್ಟಿಗೂ ತೀರಾ ದೊಡ್ಡ ತೊಟ್ಟಿಗೂ ಈ ಸೂತ್ರ ಕೈಕೊಡುತ್ತದೆ.

ಬಣ್ಣದ ವಿಷಯದಲ್ಲಿ ಜನ ಸುಮ್ಮನೆ ದುಡ್ಡು ಕಳೆಯುತ್ತಾರೆ. ಗುಲಾಬಿ ನೇರಳೆ ಬಣ್ಣದಲ್ಲಿ ಉರಿಯುವ "ಗಿಡದ ಟ್ಯೂಬ್" ನೋಡಿದ್ದೀರಲ್ಲ? ಸಿಲ್ವೇನಿಯಾದ ಗ್ರೋಲಕ್ಸ್ 1960ರ ದಶಕದಿಂದಲೂ ಹೆಸರುವಾಸಿ. ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತು ನೀಲಿಯನ್ನೂ ಕೆಂಪನ್ನೂ ಹೆಚ್ಚು ಹೀರುತ್ತದೆ, ಹಾಗಾಗಿ ಅವೆರಡನ್ನೇ ಕೊಟ್ಟರೆ ಸಾಕು ಅನ್ನುವುದು ಅದರ ತರ್ಕ. ಪಾತ್ರೆಯಲ್ಲಿ ಕರಗಿಸಿದ ಹರಿತ್ತಿಗೆ ಅದು ಸರಿ. ಜೀವಂತ ಎಲೆಯ ವರ್ತನೆ ಬೇರೆ. 1972ರಲ್ಲಿ ಮೆಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಿನಲ್ಲಿಟ್ಟು ಅಳೆದರು. ಹಸಿರು ಬೆಳಕನ್ನೂ ಎಲೆ ಸಾಕಷ್ಟು ಬಳಸಿಕೊಳ್ಳುತ್ತದೆ ಅಂತ ಅದರಿಂದ ಸ್ಪಷ್ಟವಾಯಿತು. ಹಾಗಾಗಿ ಎಲೆಕ್ಟ್ರಿಕಲ್ ಅಂಗಡಿಯ ಸಾಮಾನ್ಯ ಬಿಳಿ ಟ್ಯೂಬ್ ಸಾಕು, ಆದರೆ ಒಂದು ಸಂಖ್ಯೆ ನೋಡಿ ಕೊಳ್ಳಿ. 865 ಅಂತ ಇರಬೇಕು. 8 ಅಂದರೆ ಬಣ್ಣಗಳನ್ನು ನಿಜಕ್ಕೆ ಹತ್ತಿರವಾಗಿ ತೋರಿಸುವ ಟ್ರೈಫಾಸ್ಫರ್ ಪುಡಿ, 65 ಅಂದರೆ 6500 ಕೆಲ್ವಿನ್, ಹಗಲಿನಂಥ ಬಿಳಿ. ಅದೇ ಅಂಗಡಿಯಲ್ಲಿ 54 ಅಥವಾ 765 ಎಂದು ಬರೆದ ಅಗ್ಗದ ಟ್ಯೂಬ್ ಇರುತ್ತದೆ, ಹಳೆಯ ಹ್ಯಾಲೊಫಾಸ್ಫೇಟ್ ಪುಡಿಯದು. 36 ವ್ಯಾಟಿನಲ್ಲಿ ಅದು ಕೊಡುವುದು 2500 ಲ್ಯೂಮೆನ್, 865 ಕೊಡುವುದು 3250. ವ್ಯಾಟ್ ಒಂದೇ, ಬೆಳಕು ಶೇ. 30ರಷ್ಟು ಹೆಚ್ಚು. ಕೆಂಪು ಎಲೆ ಕಳೆಗಟ್ಟಿ ಕಾಣಬೇಕು ಅನ್ನುವವರು 865ರ ಪಕ್ಕ ಒಂದು 840 ಹಾಕಿ. ಅದು ನಿಮ್ಮ ಕಣ್ಣಿಗೆ, ಗಿಡಕ್ಕೆ ಎರಡೂ ಒಂದೇ.

ರಿಫ್ಲೆಕ್ಟರ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗಬಹುದಿತ್ತು, ಆದರೆ ಇಲ್ಲಿ ಆಗುವಷ್ಟು ನಷ್ಟ ಬೇರೆಲ್ಲೂ ಆಗುವುದಿಲ್ಲ. ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುತ್ತದೆ, ಅರ್ಧ ಮೇಲಕ್ಕೆ ಹೋಗುತ್ತದೆ. ಚಪ್ಪಟೆ ಪಟ್ಟಿ ಅದನ್ನು ಟ್ಯೂಬಿನ ಬೆನ್ನಿಗೇ ವಾಪಸ್ ತಳ್ಳುತ್ತದೆ. ಬೆನ್ನಿನ ನಡುವೆ ಏಣು ಬರುವಂತೆ ಮಡಚಿದ ಅಲ್ಯೂಮಿನಿಯಂ ತಗಡು, ಟ್ಯೂಬಿಗೊಂದರಂತೆ ಇದ್ದರೆ ಆ ಬೆಳಕು ಪಕ್ಕಕ್ಕೆ ಹಾರಿ ಕೆಳಗಿಳಿಯುತ್ತದೆ. ಇದನ್ನು ಶೀಟ್ ಕೆಲಸ ಮಾಡುವವರ ಬಳಿ ಕೂತು ಮಾಡಿಸಿಕೊಳ್ಳಬಹುದು. ತಗಡಿಗೆ ಅರ್ಥಿಂಗ್ ತಂತಿ ಕೊಡಲೇಬೇಕು. ಅಡುಗೆಮನೆಯ ಫಾಯಿಲ್ ಅಂಟಿಸುವ ಕೆಲಸ ಬೇಡ, ಹರಿದು ಹೋಲ್ಡರಿನ ಪಿನ್ನಿಗೆ ತಾಕಿದರೆ ಅಪಾಯ. ಇನ್ನೊಂದು ಸಣ್ಣ ವಿಷಯ: ನಮ್ಮ ಬೋರ್ ನೀರು ಸಿಡಿದು ಒಣಗಿದರೆ ಮೇಲಿನ ಮುಚ್ಚಳದ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಹೊಸ ಟ್ಯೂಬ್ ತರುವ ಮುಂಚೆ ಆ ಗಾಜನ್ನು ಕೆಳಗಿಳಿಸಿ ನಿಂಬೆಹೋಳಿನಿಂದ ಉಜ್ಜಿ ನೋಡಿ. ಗಿಡಕ್ಕೆ ಬೆಳಕು ಸಾಲದು ಅನ್ನುವ ಎಷ್ಟೋ ದೂರು ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ಎಷ್ಟು ಬೆಳಕು? ಇದಕ್ಕೆ ಉತ್ತರ ನಿಮ್ಮ ನಲ್ಲಿಯಲ್ಲಿದೆ. ತುಮಕೂರು ಪಟ್ಟಣದಲ್ಲಿ ಕೆಲವರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ, ಕೆಲವರಿಗೆ ಬೋರ್ ನೀರೇ ಗತಿ. ಶಿರಾ, ಪಾವಗಡ, ಮಧುಗಿರಿಯಿಂದ ಬಂದವರಿಗೆ ಗಡಸು ನೀರು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಆ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಎಲ್ಲ ಗಿಡವೂ ಅದನ್ನು ಬಳಸಲಾರದು, ಹಾವಸೆ ಜಾತಿಗೆ ಸೇರಿದ ಜಾವಾ ಮಾಸ್‌ಗೆ ಕರಗಿದ ಇಂಗಾಲದ ಡೈಆಕ್ಸೈಡೇ ಬೇಕು. ವ್ಯಾಲಿಸ್ನೇರಿಯಾ, ನಮ್ಮ ಕೆರೆಗಳಲ್ಲಿ ತಾನಾಗಿ ಬೆಳೆಯುವ ಹೈಡ್ರಿಲ್ಲಾ, ಇವು ಬೈಕಾರ್ಬೊನೇಟಿನಿಂದಲೇ ಇಂಗಾಲ ಕಿತ್ತುಕೊಳ್ಳುತ್ತವೆ. ಬೋರ್ ನೀರಿನ ತೊಟ್ಟಿಯಲ್ಲಿ ಸಂಜೆಯ ಹೊತ್ತು ವ್ಯಾಲಿಸ್ನೇರಿಯಾದ ಎಲೆಯನ್ನು ಬೆರಳಿನ ನಡುವೆ ಹಿಡಿದು ಎಳೆಯಿರಿ, ಸಣ್ಣ ರವೆಯಂತೆ ತರಿತರಿ ತಾಗುತ್ತದೆ. ಗಿಡ ದಿನವಿಡೀ ಇಂಗಾಲ ಹೀರಿದಾಗ ಎಲೆಯ ಮೇಲೆ ಉಳಿದ ಸುಣ್ಣ ಅದು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಗ್ಯಾಸ್ ನೀರಿಗೆ ಬಿಡದವರಿಗೆ ಇಂಥ ಗಿಡಗಳು, ಸಾಧಾರಣ ಬೆಳಕು, ಇವೇ ಸೂಕ್ತ.

ಗ್ಯಾಸ್ ಸಿಲಿಂಡರ್ ಇಲ್ಲದೆ, ಗೊಬ್ಬರ ಇಲ್ಲದೆ, ನಾಲ್ಕು 54ರ ಟ್ಯೂಬ್ ಹಾಕಿಬಿಟ್ಟರೆ ಗಿಡಕ್ಕೆ ಬೆಳಕಿದ್ದರೂ ಊಟವಿಲ್ಲ. ಮಿಕ್ಕ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ. ಗಾಜಿಗೆ ಹಸಿರು ಹತ್ತಿತು, ನೀರು ಹಸಿರಾಯಿತು ಅಂತ ಔಷಧಿ ಕೇಳುವವರಿಗೆ ನಾನು ಹೇಳುವುದು, ಒಂದು ಟ್ಯೂಬ್ ಆರಿಸಿ, ಗಂಟೆ ಕಡಿಮೆ ಮಾಡಿ. ದಿನಕ್ಕೆ ಏಳೆಂಟು ಗಂಟೆ ಸಾಕು. ಮಾಮೂಲಿ ಎಲೆಕ್ಟ್ರಾನಿಕ್ ಚೋಕಿನ ಟ್ಯೂಬನ್ನು ಬಲ್ಬಿನಂತೆ ಮಂದ ಮಾಡಲು ಬರುವುದಿಲ್ಲ, ಅದರ ಬದಲು ಪಟ್ಟಿಯನ್ನು ಸರಪಳಿಯಲ್ಲಿ ತೂಗುಹಾಕಿ ಮೇಲೆ ಕೆಳಗೆ ಮಾಡಿಕೊಳ್ಳಿ. ಟೈಮರ್ ಕೊಳ್ಳುವಾಗ ಪಿನ್ ಒತ್ತುವ ಚಕ್ರದ ಟೈಮರ್ ಬೇಡ, ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ನಮ್ಮ ಕಡೆಯ ಕರೆಂಟಿಗೆ ವಾರದೊಳಗೆ ಮಧ್ಯರಾತ್ರಿಯಲ್ಲಿ ದೀಪ ಉರಿಯಲು ಶುರುವಾಗುತ್ತದೆ. ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ.

ಚೋಕ್ ಎಲ್ಲಿ ಇಡಬೇಕು? ಹುಡ್ ಒಳಗಂತೂ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಹುಡ್ ಒಳಗಿನ ಸೆಕೆಗೆ ಎಲೆಕ್ಟ್ರಾನಿಕ್ ಚೋಕಿನ ಕೆಪಾಸಿಟರ್ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ಆ ಕೆಲಸದವರ ಲೆಕ್ಕ. ತೊಟ್ಟಿಯ ಕೆಳಗೂ ಬೇಡ, ನೀರು ಸೋರುವುದು ಅಲ್ಲಿಗೇ. ಗೋಡೆಯ ಮೇಲೆ, ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬದೊಳಗೆ ಕೂರಿಸಿ ತಂತಿ ಇಳಿಬಿಡಿ. ಪ್ಲಗ್ಗಿಗೆ ಹೋಗುವ ತಂತಿ ಒಮ್ಮೆ ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಮತ್ತೆ ಮೇಲೇರಲಿ, ತಂತಿಗುಂಟ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ತೊಟ್ಟಿಗೆ ಟ್ಯೂಬ್ ಕಟ್ಟಬೇಡಿ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಮಕ್ಕಳು ಕೈ ಹಾಕುವ ನೀರು ಅದು.

ಪ್ರತಿ ವರ್ಷ ಟ್ಯೂಬ್ ಬದಲಾಯಿಸಬೇಕು ಅಂತ ಕೇಳಿರುತ್ತೀರಿ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 2900 ಗಂಟೆ ಆಯಿತು. ಒಳ್ಳೆಯ ಚೋಕಿನ ಮೇಲೆ ಉರಿದ ಟ್ರೈಫಾಸ್ಫರ್ ಟ್ಯೂಬ್ ಅಷ್ಟರಲ್ಲಿ ಕಳೆದುಕೊಳ್ಳುವ ಬೆಳಕು ಅತ್ಯಲ್ಪ. ಆ ಮಾತು ಹಳೆಯ ಪುಡಿಯ ಕಾಲದ್ದು, ಅದನ್ನು ಈಗಲೂ ಹೇಳುವವರು ಟ್ಯೂಬ್ ಮಾರುವವರು. ತುದಿಯಲ್ಲಿ ಒಂದು ಬೆರಳಿನಷ್ಟು ಅಗಲ ಕಪ್ಪಾದರೆ, ಹೊತ್ತಲು ತಡ ಮಾಡಿದರೆ ಬದಲಾಯಿಸಿ. ನಮ್ಮ ಹಳ್ಳಿ ಎಲೆಕ್ಟ್ರಿಷಿಯನ್‌ಗಳು ಫಿಲಮೆಂಟ್ ಹೋದ ಟ್ಯೂಬನ್ನೂ ಎರಡು ಪಿನ್ ಸೇರಿಸಿ ಎಲೆಕ್ಟ್ರಾನಿಕ್ ಚೋಕಿನಲ್ಲಿ ಉರಿಸಿಬಿಡುತ್ತಾರೆ. ಕೈಚಳಕಕ್ಕೆ ಶಹಭಾಸ್ ಅನ್ನೋಣ, ತೊಟ್ಟಿಗೆ ಅದು ಬೇಡ. ಟ್ಯೂಬ್ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಕೋಣೆಯಿಂದ ಹೊರಗಿರಿ, ಆಮೇಲೆ ದಪ್ಪ ಕಾಗದದಿಂದ ಚೂರು ಒಟ್ಟುಮಾಡಿ, ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ. ಪಾದರಸ ಗಾಳಿಗೆ ಹಾರುತ್ತದೆ.

ಆ ಪಾದರಸದ ಕಾರಣಕ್ಕೇ ಟ್ಯೂಬ್‌ಗಳ ಕಾಲ ಮುಗಿಯುತ್ತಿದೆ. ಭಾರತವೂ 2018ರಲ್ಲಿ ಸೇರಿಕೊಂಡ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಹ್ಯಾಲೊಫಾಸ್ಫೇಟ್ ಟ್ಯೂಬಿನ ತಯಾರಿಕೆ ಮತ್ತು ಆಮದು ರಫ್ತಿಗೆ 2026ರ, ಟ್ರೈಫಾಸ್ಫರಿಗೆ 2027ರ ಗಡುವು ಹಾಕಿವೆ. ಹಾಗಾಗಿ ಇರುವ ಸೆಟ್ ಚೆನ್ನಾಗಿದ್ದರೆ ಅದಕ್ಕೆ ಹೊಂದುವ ಒಂದು ಜೊತೆ 865 ಈಗಲೇ ತಂದಿಟ್ಟುಕೊಳ್ಳಿ. ಅದು ಮುಗಿದ ಮೇಲೆ ಅದೇ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕಿಸುವವರು ಇದೊಂದನ್ನು ಮರೆಯಬೇಡಿ. ನಮ್ಮಲ್ಲಿ ಸಿಗುವ ಹೆಚ್ಚಿನ ಎಲ್‌ಇಡಿ ಟ್ಯೂಬ್ ನೇರ ಮೇನ್ಸಿಗೆ ಸೇರುವಂಥದ್ದು. ಎಲೆಕ್ಟ್ರಾನಿಕ್ ಚೋಕ್ ಇದ್ದಲ್ಲಿ ಅದನ್ನು ಪೂರ್ತಿ ಕಳಚಿಸಿ, ತಾಮ್ರದ ಚೋಕ್ ಇದ್ದರೆ ಸ್ಟಾರ್ಟರ್ ಕಿತ್ತು ಟ್ಯೂಬಿನ ಜೊತೆ ಬಂದ ಚೀಟಿಯಲ್ಲಿರುವಂತೆ ತಂತಿ ಬದಲಿಸಿ. ಕೊನೆಗೆ ಪಟ್ಟಿಯ ಒಳಗೆ ಮಾರ್ಕರಿನಲ್ಲಿ "ಚೋಕ್ ಇಲ್ಲ, ಮಾಮೂಲಿ ಟ್ಯೂಬ್ ಹಾಕಬೇಡಿ" ಎಂದು ಬರೆದಿಡಿ. ನಾಲ್ಕು ವರ್ಷ ಬಿಟ್ಟು ಅದನ್ನು ಬಿಚ್ಚುವವರು ನೀವೇ ಆಗಿರಬೇಕೆಂದಿಲ್ಲ.